68 ಕೆ.ಜಿ. ತೂಕವಿದ್ದರೆ ಆರೋಗ್ಯವಿಲ್ಲವೆಂದೇ ಅರ್ಥವೇ?

ಪ್ರಶ್ನೆ: ನನಗೆ 34 ವರ್ಷ. ಎತ್ತರ 157 ಸೆಂ.ಮೀ., ತೂಕ 68 ಕೆ.ಜಿ. ಎರಡು ಮಹಡಿ ಹತ್ತಿದರೂ ಏದುಸಿರು ಬರುವುದಿಲ್ಲ. ಆದರೆ ಮದುವೆಮನೆಗೆ ಹೋದರೆ ಸಾಕು, ‘ಇದೇನೇ, ಇಷ್ಟು ದಪ್ಪ ಆಗಿಬಿಟ್ಟಿದ್ದೀಯಾ’ ಎಂಬ ಮಾತಿನಿಂದಲೇ ಕುಶಲೋಪರಿ ಶುರುವಾಗುತ್ತದೆ. ಈಗ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ತೂಕ ಇಳಿಯುವವರೆಗೆ ನಾನು ಆರೋಗ್ಯವಂತಳಲ್ಲವೇ?

ಉತ್ತರ: ಮೊದಲು ಲೆಕ್ಕವನ್ನು ನೋಡೋಣ. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಬಿಎಂಐ (ದೇಹ ತೂಕ ಸೂಚ್ಯಂಕ) ನಿಮ್ಮ ಮಟ್ಟಿಗೆ ಸುಮಾರು 27.6. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 25ರಿಂದ ಅಧಿಕ ತೂಕ, 30ರಿಂದ ಬೊಜ್ಜು. ಭಾರತೀಯರಿಗೆ ನಮ್ಮ ವೈದ್ಯರು ಅನುಸರಿಸುವ ಮಿತಿ ಇನ್ನೂ ಬಿಗಿಯಾಗಿದ್ದು, 23ಕ್ಕೆ ಅಧಿಕ ತೂಕವೂ 25ಕ್ಕೆ ಬೊಜ್ಜೂ ಆರಂಭವಾಗುತ್ತವೆ. ಹಾಗಾಗಿ ನೀವು ಬೊಜ್ಜಿನ ಸಾಲಿನಲ್ಲೇ ಬರುತ್ತೀರಿ. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳಿದರೆ ನಿಮಗೆ ಉಪಕಾರವಾಗುವುದಿಲ್ಲ.

ಆದರೆ ಈ ಸೂತ್ರವನ್ನು 1830ರ ದಶಕದಲ್ಲಿ ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಕೆಟಲೆ ವೈದ್ಯರಲ್ಲ, ಗಣಿತಜ್ಞರು. ಜನಸಮೂಹದ ‘ಸರಾಸರಿ ಮನುಷ್ಯ’ನನ್ನು ಅಳೆಯುವುದು ಅವರ ಉದ್ದೇಶವಾಗಿತ್ತೇ ಹೊರತು ಎದುರಿಗೆ ಕುಳಿತ ಒಬ್ಬರ ಕಾಯಿಲೆಯನ್ನು ಪತ್ತೆಹಚ್ಚುವುದಲ್ಲ. ಇದರ ಕೊರತೆ ಎಷ್ಟೆಂಬುದಕ್ಕೆ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಬರಹವೇ ಸಾಕ್ಷಿ. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅದರಲ್ಲಿ ತಮ್ಮದೇ ದೇಹಗಳ ಅಳತೆಯನ್ನು ಅಕ್ಕಪಕ್ಕ ಇಟ್ಟಿದ್ದರು. ಇಬ್ಬರ ಬಿಎಂಐಯೂ 22.3. ದೇಹದಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನೋಡಲು ಸಣ್ಣಗಿದ್ದೂ ಒಳಗೆ ಕೊಬ್ಬು ತುಂಬಿಕೊಂಡಿರುವ ದೇಹ ನಮ್ಮವರಲ್ಲಿ ಸಾಮಾನ್ಯ. ಮದುವೆಮನೆಯಲ್ಲಿ ನಿಮ್ಮನ್ನು ದಪ್ಪ ಎಂದ ತೆಳ್ಳನೆಯ ಬಂಧುವಿನ ಸಕ್ಕರೆಯ ಮಟ್ಟ ನಿಮ್ಮದಕ್ಕಿಂತ ಹೆಚ್ಚಿರಲೂಬಹುದು!

ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದು ಮುಖ್ಯ. ತೊಡೆ, ಪೃಷ್ಠಗಳ ಚರ್ಮದಡಿಯ ಕೊಬ್ಬಿಗಿಂತ ಯಕೃತ್ತು, ಕರುಳುಗಳ ಸುತ್ತ ಸೇರುವ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಹೆಚ್ಚು ಅಡ್ಡಿ ಮಾಡುತ್ತದೆ. ಇದನ್ನು ಅಂದಾಜು ಮಾಡಲು ಬಟ್ಟೆ ಹೊಲಿಯುವವರ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಹೊಟ್ಟೆಯನ್ನು ಎಳೆದುಕೊಳ್ಳದೆ (ಆಸೆ ಆಗುತ್ತದೆ, ಆದರೂ ಬೇಡ), ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. ಭಾರತೀಯ ಮಹಿಳೆಯರಿಗೆ 80 ಸೆಂ.ಮೀ., ಪುರುಷರಿಗೆ 90 ಸೆಂ.ಮೀ. ಎಚ್ಚರಿಕೆಯ ಗೆರೆ. ಎತ್ತರದ ಅರ್ಧ ಎಂಬ ಇನ್ನೊಂದು ಅಳತೆಗೋಲಿನಲ್ಲಿ ನಿಮ್ಮ ಮಿತಿ 78.5 ಸೆಂ.ಮೀ. ಜೊತೆಗೆ ರಕ್ತದೊತ್ತಡ, ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ಥೈರಾಯ್ಡ್ ಪರೀಕ್ಷೆಗಳನ್ನು ಒಮ್ಮೆ ಮಾಡಿಸಿ; ಮುಟ್ಟು ಏರುಪೇರಾಗಿದ್ದರೆ ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ಸಮಸ್ಯೆಯ ಬಗ್ಗೆಯೂ ಕೇಳಿ. ಎಚ್‌ಬಿಎ1ಸಿ ಶೇ 5.7ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ, 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು.

2025ರಲ್ಲಿ ತಜ್ಞರ ಅಂತರರಾಷ್ಟ್ರೀಯ ಆಯೋಗವೊಂದು ಹೇಳಿದ್ದೂ ಇದನ್ನೇ: ಬಿಎಂಐ ಒಂದನ್ನೇ ನೋಡಿ ಯಾರನ್ನೂ ರೋಗಿ ಎನ್ನಬಾರದು, ಅಂಗಾಂಗಗಳ ಕೆಲಸಕ್ಕೆ ಈಗಾಗಲೇ ತೊಂದರೆಯಾಗಿರುವ ಬೊಜ್ಜನ್ನು, ಇನ್ನೂ ತೊಂದರೆಯಾಗದೆ ಅಪಾಯವಷ್ಟೇ ಇರುವ ಬೊಜ್ಜಿನಿಂದ ಬೇರೆಯಾಗಿ ನೋಡಬೇಕು. ನೀವು ಯಾವ ಗುಂಪಿಗೆ ಸೇರುತ್ತೀರಿ ಎಂಬುದನ್ನು ಪರೀಕ್ಷೆ ಹೇಳಬೇಕು, ಅತ್ತೆ ಚಿಕ್ಕಮ್ಮಂದಿರಲ್ಲ.

ಇನ್ನು ಮದುವೆಮನೆಯ ವಿಷಯ. ‘ದಪ್ಪ ಆಗಿದ್ದೀಯಾ’ ಎಂದವರೇ ಪಂಕ್ತಿಯಲ್ಲಿ ‘ಇನ್ನೊಂದು ಹಾಕಿಸ್ಕೊಳ್ಳೇ’ ಎಂದು ಹೋಳಿಗೆ ಬಡಿಸುವುದು ನಮ್ಮಲ್ಲಿ ಹೊಸದಲ್ಲ. ಹೇಳಿದವರಿಗೆ ಅದು ಅಕ್ಕರೆಯ ಮಾತೇ ಇರಬಹುದು, ಆದರೆ ಕೇಳಿಸಿಕೊಂಡವರ ತೂಕ ಅದರಿಂದ ಇಳಿಯುವುದಿಲ್ಲ. ಅವಮಾನಕ್ಕೊಳಗಾದವರು ನಾಲ್ಕು ಜನರ ಮುಂದೆ ತಿನ್ನದೆ ಆಮೇಲೆ ಒಬ್ಬರೇ ಹೆಚ್ಚು ತಿನ್ನುವುದು, ಪಾರ್ಕಿನಲ್ಲಿ ನಡೆಯಲು ನಾಚುವುದು, ವೈದ್ಯರ ಬಳಿ ಹೋಗುವುದನ್ನು ಮುಂದೂಡುವುದು ಸಾಮಾನ್ಯ. ‘ಪರೀಕ್ಷೆ ಮಾಡಿಸಿದ್ದೇನೆ ಚಿಕ್ಕಮ್ಮ, ವೈದ್ಯರು ನೋಡಿಕೊಳ್ಳುತ್ತಾರೆ. ನಿಮ್ಮ ಮಂಡಿನೋವು ಹೇಗಿದೆ?’ ಎಂದು ಮಾತು ತಿರುಗಿಸಿ, ಪಂಕ್ತಿಗೆ ಕುಳಿತುಕೊಳ್ಳಿ. ಎಲೆಯ ತುದಿಯ ಕೋಸಂಬರಿ, ಪಲ್ಯಗಳನ್ನು ಮೊದಲು ತಿಂದು ಅನ್ನವನ್ನು ಆಮೇಲೆ ತಿಂದರೆ ಸಕ್ಕರೆ ಏರುವುದು ನಿಧಾನವಾಗುತ್ತದೆ. ಹೋಳಿಗೆ ಇಷ್ಟವಾಗಿದ್ದರೆ ಒಂದನ್ನು ತುಪ್ಪದೊಡನೆ ತಿನ್ನಿ, ಅನ್ನವನ್ನು ಒಂದು ಹಿಡಿ ಕಡಿಮೆ ಮಾಡಿ.

ತೂಕ ಇಳಿಸಲೇಬೇಕಾಗಿ ಬಂದರೂ 50 ಕೆ.ಜಿ.ಗೆ ಇಳಿಯುವ ಕನಸು ಬೇಕಿಲ್ಲ. ಈಗಿನ ತೂಕದ ಶೇ 5, ಅಂದರೆ ನಿಮಗೆ 3.4 ಕೆ.ಜಿ. ಇಳಿದರೂ ಸಕ್ಕರೆ, ರಕ್ತದೊತ್ತಡಗಳಲ್ಲಿ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆಯಂತೂ, ತೂಕದ ಮುಳ್ಳು ಅಲ್ಲಾಡದಿದ್ದರೂ ಹೃದಯಕ್ಕೆ ಒಳ್ಳೆಯದೇ.

ಕೊನೆಯದಾಗಿ, ಬೆನ್ನುನೋವು ಎಂದು ಹೋದಾಗ ವೈದ್ಯರೇ ಪರೀಕ್ಷಿಸದೆ ‘ತೂಕ ಇಳಿಸಿ’ ಎಂದಷ್ಟೇ ಬರೆದುಕೊಟ್ಟರೆ, ‘ಇದೇ ನೋವು ಸಣ್ಣಗಿರುವವರಿಗೆ ಬಂದಿದ್ದರೆ ಏನು ಪರೀಕ್ಷೆ ಮಾಡಿಸುತ್ತಿದ್ದಿರಿ ಡಾಕ್ಟ್ರೇ?’ ಎಂದು ವಿನಯದಿಂದ ಕೇಳಿ, ಆ ಪರೀಕ್ಷೆಯನ್ನೂ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.