ಯಾಣದ ಬಂಡೆ ಖಾಲಿಯೇ?

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ನಮ್ಮ ಕಡೆ ಗಾದೆ. ಈಗ ರಸ್ತೆ ಆಗಿದೆ, ಯಾಣಕ್ಕೆ ಹೋಗಲು ಸೊಕ್ಕೇನೂ ಬೇಕಿಲ್ಲ. ಕಳೆದ ಚಳಿಗಾಲ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಪಿಯುಸಿ ಹುಡುಗ. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ತಲೆ ಎತ್ತಿ ನೋಡಿ, "ಮಾವ, ಪರಮಾಣು ಲೆಕ್ಕದಲ್ಲಿ ಇದೆಲ್ಲ ಬರೀ ಖಾಲಿ ಜಾಗ" ಅಂದ. ಎರಡು ಹೆಜ್ಜೆ ಇಡುವಷ್ಟರಲ್ಲಿ ಬರಿಗಾಲಿನ ಹೆಬ್ಬೆರಳು ಕಲ್ಲಿಗೆ ತಾಗಿ ಚೀರಿದ. "ಖಾಲಿ ಜಾಗ ಎಡವಿತಾ?" ಎಂದೆ. ಅವನಿಗೆ ನಗು ಬರಲಿಲ್ಲ.

ಹಳೆಯ ಜಗಳ ಇದು. ಮನಸ್ಸಿನ ಹೊರಗೆ ವಸ್ತು ಅಂತ ಯಾವುದೂ ಇಲ್ಲ ಎಂದವನು ಬರ್ಕ್‌ಲಿ ಎಂಬ ತತ್ವಜ್ಞಾನಿ. 1763ರಲ್ಲಿ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಒಂದು ದೊಡ್ಡ ಕಲ್ಲನ್ನು ಜೋರಾಗಿ ಒದ್ದು, ಇದೇ ನನ್ನ ಉತ್ತರ ಅಂದ. ಉತ್ತರ ಮಜವಾಗಿದೆ, ಆದರೆ ಸಾಲದು. ಕಾಲಿನ ನೋವೂ ಮನಸ್ಸಿನದ್ದೇ ಅಲ್ವಾ ಅಂತ ಬರ್ಕ್‌ಲಿ ಕಡೆಯವರು ಕೇಳಬಹುದು.

ಹುಡುಗನ ಮಾತಿಗೆ ಆಧಾರ ಸಿಕ್ಕಿದ್ದು 1909ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಭೌತವಿಜ್ಞಾನಿ ರುದರ್‌ಫೋರ್ಡ್ ಹೇಳಿದಂತೆ ಅವರ ಜೊತೆಗಾರರಾದ ಗೈಗರ್ ಮತ್ತು 20 ವರ್ಷದ ಮಾರ್ಸ್‌ಡೆನ್ ತೆಳು ಲೋಹದ ಹಾಳೆಗೆ ಆಲ್ಫಾ ಕಣಗಳನ್ನು, ಅಂದರೆ ವಿಕಿರಣ ವಸ್ತುವಿನಿಂದ ಚಿಮ್ಮುವ ಅತಿ ಸಣ್ಣ ಕಣಗಳನ್ನು, ಹೊಡೆದರು. ಹೆಚ್ಚಿನವು ಏನೂ ಅಡ್ಡ ಇಲ್ಲವೆಂಬಂತೆ ದಾಟಿಹೋದವು. ಸಾವಿರಾರು ಕಣಗಳಲ್ಲಿ ಒಂದು ಮಾತ್ರ ಹಿಂದಕ್ಕೆ ಪುಟಿಯಿತು. ಪರಮಾಣುವಿನ ಭಾರವೆಲ್ಲ ನಡುವಿನ ಒಂದು ಚುಕ್ಕೆಯಲ್ಲಿದೆ ಎಂದು 1911ರಲ್ಲಿ ರುದರ್‌ಫೋರ್ಡ್ ಲೆಕ್ಕ ಹಾಕಿ ಹೇಳಿದರು. ಚಿನ್ನದ ಪರಮಾಣುವಿನ ಅಗಲ ಅದರ ಬೀಜದ, ಅಂದರೆ ಆ ನಡುವಿನ ಚುಕ್ಕೆಯ, ಅಗಲಕ್ಕಿಂತ ಸುಮಾರು 20 ಸಾವಿರ ಪಟ್ಟು. ಶಿರಸಿ ಕಡೆಯವರಿಗೆ ಹೀಗೆ ಹೇಳಬಹುದು: ಎರಡು ಎಕರೆಯ ದುಂಡನೆಯ ಅಡಿಕೆ ತೋಟ, ನಟ್ಟನಡುವೆ ಒಂದೇ ಒಂದು ಕಾಳುಮೆಣಸು. ತೋಟದ ತೂಕವೆಲ್ಲ ಆ ಕಾಳಿನಲ್ಲೇ.

ಹಾಗಾದರೆ ಉಳಿದ ತೋಟ ಖಾಲಿಯೇ? ಇಲ್ಲೇ ನಮ್ಮ ಹುಡುಗ ಎಡವಿದ್ದು. ಎಲೆಕ್ಟ್ರಾನ್ ಅಂದರೆ ಕಾಳಿನ ಸುತ್ತ ಓಡುವ ಸಣ್ಣ ಗೋಲಿ ಅಂತ ಚಿತ್ರ ಬರೆದರೆ ಖಾಲಿ ಅನಿಸುತ್ತದೆ. ಆದರೆ ಅದು ಗೋಲಿ ಅಲ್ಲ. ಮಳೆಗಾಲದ ಮಂಜಿನ ಹಾಗೆ ತೋಟದ ತುಂಬ ಹರಡಿಕೊಂಡಿದೆ. ಈ ಮಂಜಿಗೆ ಒಂದು ಕಟ್ಟುನಿಟ್ಟಿನ ನಿಯಮ ಉಂಟು. 1925ರಲ್ಲಿ ಪೌಲಿ ಎಂಬ ಭೌತವಿಜ್ಞಾನಿ ಕಂಡುಕೊಂಡದ್ದು. ಊಟದ ಪಂಕ್ತಿಯಲ್ಲಿ ಒಂದು ಬಾಳೆಎಲೆಗೆ ಒಬ್ಬನೇ ಹೇಗೋ, ಒಂದು ಸ್ಥಿತಿಗೆ ಒಂದೇ ಎಲೆಕ್ಟ್ರಾನ್. ಎರಡನೆಯದು ಬಂದರೆ ಮೇಲಿನ ಎಲೆಗೆ ಹೋಗಬೇಕು, ಅದಕ್ಕೆ ಜಾಸ್ತಿ ಶಕ್ತಿ ತೆರಬೇಕು. ಹೆಬ್ಬೆರಳಿನ ಮಂಜು ಬಂಡೆಯ ಮಂಜಿನೊಳಗೆ ನುಗ್ಗಲು ಹೋದಾಗ ಈ ಲೆಕ್ಕ ಅಡ್ಡ ಬರುತ್ತದೆ. ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳುವ ವಿದ್ಯುತ್ ವಿಕರ್ಷಣೆಯೂ ಇದೆ, ಆದರೆ ಅದೊಂದರಿಂದಲೇ ಕೆಲಸ ಆಗದು. ಪೌಲಿಯ ನಿಯಮ ಇಲ್ಲದಿದ್ದರೆ ವಸ್ತು ಕುಸಿದು ಹೋಗುತ್ತದೆ ಎಂಬುದನ್ನು 1967ರಲ್ಲಿ ಡೈಸನ್ ಮತ್ತು ಲೆನಾರ್ಡ್ ಗಣಿತದಿಂದ ತೋರಿಸಿಕೊಟ್ಟರು.

ಎಡಿಂಗ್ಟನ್ ಎಂಬ ಖಗೋಳ ವಿಜ್ಞಾನಿ ತನ್ನೆದುರು ಎರಡು ಮೇಜುಗಳಿವೆ ಎನ್ನುತ್ತಿದ್ದರು. ಒಂದು ದಿನಬಳಕೆಯ ಗಟ್ಟಿ ಮೇಜು. ಇನ್ನೊಂದು ಹೆಚ್ಚುಕಡಿಮೆ ಖಾಲಿಯಾದ ವಿಜ್ಞಾನದ ಮೇಜು, ನಿಜವಾದದ್ದು ಇದೇ ಅಂತ. 1937ರಲ್ಲಿ ಸೂಸನ್ ಸ್ಟೆಬಿಂಗ್ ಎಂಬ ತತ್ವಶಾಸ್ತ್ರಜ್ಞೆ ಇದನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಹಲಗೆಯಂಥದ್ದನ್ನು ನೋಡಿಯೇ ಗಟ್ಟಿ ಎಂಬ ಮಾತು ಕಲಿತಿದ್ದೇವೆ, ಈಗ ಹಲಗೆಯೇ ಗಟ್ಟಿ ಅಲ್ಲ ಅಂದರೆ ಮಾತಿಗೆ ಅರ್ಥ ಎಲ್ಲಿಂದ ಬಂತು? ನಾನು ಸ್ಟೆಬಿಂಗ್ ಕಡೆ. ಕನ್ನಡದವರಿಗೆ ಇದು ಇನ್ನೂ ಸುಲಭ. ಗಟ್ಟಿ ಮೊಸರು, ಗಟ್ಟಿ ದನಿ, ಗಟ್ಟಿ ಮನಸ್ಸು. ಇಲ್ಲಿ ಯಾರೂ ಒಳಗೆ ಎಷ್ಟು ತುಂಬಿದೆ ಅಂತ ಅಳೆಯುವುದಿಲ್ಲ. ಬೇರೆಯದು ಬಂದು ಒತ್ತಿದಾಗ ಹೇಗೆ ನಿಲ್ಲುತ್ತದೆ ಅಂತ ನೋಡುತ್ತೇವೆ, ಅಷ್ಟೆ.

ತುಂಬಿದ್ದೇ ಗಟ್ಟಿ ಅಂದುಕೊಂಡರೆ ಎಂಥ ಇಕ್ಕಟ್ಟು ಬರುತ್ತದೆ ಅನ್ನುವುದು ಬೌದ್ಧ ಚಿಂತಕ ವಸುಬಂಧುವಿಗೂ ಗೊತ್ತಿತ್ತು. ಭಾಗವೇ ಇಲ್ಲದ ಪರಮಾಣುವಿಗೆ ಆರು ದಿಕ್ಕಿನಿಂದ ಆರು ಪರಮಾಣು ಬಂದು ತಾಗಿದವು ಅನ್ನಿ. ಆರು ಕಡೆ ತಾಗಿದರೆ ಅದಕ್ಕೆ ಆರು ಭಾಗ ಇದ್ದ ಹಾಗಾಯಿತು. ಎಲ್ಲ ಒಂದೇ ಕಡೆ ತಾಗಿದರೆ ಇಡೀ ಬೆಟ್ಟವೇ ಒಂದು ಪರಮಾಣುವಿನಷ್ಟು ಆಗಬೇಕು!

ಇನ್ನು ಯಾಣದ ಆ ಕಲ್ಲು. ಅದು ಸುಣ್ಣಕಲ್ಲು. ಕಾಲಿಗೆ ಗಟ್ಟಿ ನಿಜ, ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರಿಗೆ ಅದು ನಿಧಾನವಾಗಿ ಕರಗುವ ಸರಕು. ಆ ಚೂಪು ತುದಿ, ಬಿರುಕುಗಳೆಲ್ಲ ನೀರಿನದೇ ಕೆಲಸ.

ಸಂಜೆ ಮನೆಗೆ ಬಂದು ಹುಡುಗ ಬೆರಳಿಗೆ ಅರಿಶಿನ ಹಚ್ಚಿಕೊಂಡು ಒಳಗೆ ಕೂತ. ನಮ್ಮದು ದಪ್ಪ ಚಿರೆಕಲ್ಲಿನ ಗೋಡೆ, ಒಳಗೆ ನೆಟ್‌ವರ್ಕ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಸೂರ್ಯನಿಂದ ಹೊರಟ, ಯಾವುದಕ್ಕೂ ತಾಗುವುದೇ ಅಪರೂಪವಾದ ನ್ಯೂಟ್ರಿನೋ ಎಂಬ ಸಣ್ಣ ಕಣಗಳು ಮಾತ್ರ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 6 ಸಾವಿರ ಕೋಟಿಗೂ ಜಾಸ್ತಿ ಲೆಕ್ಕದಲ್ಲಿ ಗೋಡೆ, ಹುಡುಗ, ನೆಲ ಎಲ್ಲ ದಾಟಿ ಹೋಗುತ್ತಲೇ ಇದ್ದವು. "ಗೋಡೆ ಗಟ್ಟಿ ಇದೆಯಾ?" ಅಂತ ಕೇಳಿದೆ. "ಯಾರಿಗೆ?" ಅಂದು, ಫೋನ್ ಹಿಡಿದು ಕುಂಟುತ್ತ ಜಗುಲಿಗೆ ಹೋದ.