‘ತಾವ ಉಣ್ತಾರ್ರೀ’ ಅಂದ ಒಂದು ಮಾತಿಗೆ

ನವೆಂಬರ್ ಬಂತೆಂದರೆ ನನ್ನ ಮೇಜಿನ ಮುಂದಿನ ಬೆಂಚು ಖಾಲಿ ಇರುವುದಿಲ್ಲ. ಜೀವಂತ ಪ್ರಮಾಣಪತ್ರಕ್ಕೆ ಬೆರಳು ಒತ್ತಲು ಬಂದವರು, ಸೈನ್ಯದ ಪಿಂಚಣಿ ಜಾಲತಾಣ ಸ್ಪರ್ಶ್‌ನ ಪಾಸ್‌ವರ್ಡ್ ಮರೆತವರು, ಸುಮ್ಮನೆ ಚಹಾ ಕುಡಿಯಲು ಬಂದವರು. ಸೈನ್ಯದಲ್ಲಿ ಕ್ಲರ್ಕ್ ಆಗಿದ್ದು ಹವಾಲ್ದಾರನಾಗಿ ಹೊರಬಿದ್ದ ಮೇಲೆ, ಬೆಳಗಾವಿ ಸೀಮೆಯ ಮಾಜಿ ಸೈನಿಕರ ಪಿಂಚಣಿ ಕಾಗದ ಬರೆಯುವುದೇ ನನ್ನ ಕಸುಬು.

ಈಚೆಗೆ ಹೆಣ್ಣುಮಕ್ಕಳು ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ಫೌಜಿ ಗಂಡನ ಸೇವೆ ಮಾಡುವ ಹೆಂಡತಿಗೆ ಸರ್ಕಾರದ ತಿಂಗಳ ಸಂಬಳ ಅಂತ ಒಂದು ವಾಟ್ಸ್ಯಾಪ್ ಸಂದೇಶ. ತಂಗಿ, ಅದು ಅಮೆರಿಕದ್ದು. ಅಲ್ಲಿ 2010ರ ಕಾಯ್ದೆಯ ಪ್ರಕಾರ ತೀವ್ರ ಅಂಗವಿಕಲನಾದ ಮಾಜಿ ಸೈನಿಕನನ್ನು ಮನೆಯಲ್ಲಿ ನೋಡಿಕೊಳ್ಳುವವರ ಕೈಗೇ ಹಣ ಕೊಡುತ್ತಾರೆ. ನಮ್ಮಲ್ಲಿ ಇರುವುದು ಕಾನ್‌ಸ್ಟೆಂಟ್ ಅಟೆಂಡೆನ್ಸ್ ಅಲೋಯನ್ಸ್, ಅಂದರೆ ಸದಾ ಪಕ್ಕದಲ್ಲಿ ಒಬ್ಬರು ಬೇಕಾದವನಿಗೆ ಕೊಡುವ ಭತ್ಯೆ. ಅದು ಸೈನಿಕನ ಹೆಸರಲ್ಲಿ, ಅವನ ಪಿಂಚಣಿಯ ಜೊತೆ ಬರುತ್ತದೆ. 2017ರ ಜುಲೈ 1ರಿಂದ ತಿಂಗಳಿಗೆ 6,750 ರೂಪಾಯಿ ಎಂದು ನಿಗದಿಯಾಗಿತ್ತು. ತುಟ್ಟಿಭತ್ಯೆ 50% ಏರಿದಾಗಲೆಲ್ಲ ಇದಕ್ಕೆ 25% ಸೇರಬೇಕೆಂಬ ನಿಯಮವಿದೆ. ದೊಡ್ಡ ಮೊತ್ತವೇನಲ್ಲ. ಆದರೆ ಡೈಪರ್, ಏರ್ ಬೆಡ್ಡು, ಮುಲಾಮು ಇವುಗಳ ಬೆಲೆ ಗೊತ್ತಿರುವವರು ಅದನ್ನು ಸಣ್ಣದೆನ್ನುವುದಿಲ್ಲ.

ಸಿಗುವುದು ಯಾರಿಗೆ? 100% ಅಂಗವೈಕಲ್ಯಕ್ಕೆ ಪಿಂಚಣಿ ಪಡೆಯುವವನಿಗೆ, ಅದೂ ಕನಿಷ್ಠ ಮೂರು ತಿಂಗಳು ಸದಾ ಒಬ್ಬರು ಪಕ್ಕದಲ್ಲಿರಬೇಕೆಂದು ಮಿಲಿಟರಿ ಡಾಕ್ಟರುಗಳ ಮೆಡಿಕಲ್ ಬೋರ್ಡ್ ಬರೆದರೆ. ಆ ಅಗತ್ಯ ಹುಟ್ಟಿದ್ದು ಸೇವೆಯ ಕಾರಣದಿಂದಾದದ್ದೆಂದು ಇಲಾಖೆ ಒಪ್ಪಿದ ಅಂಗವೈಕಲ್ಯದಿಂದಲೇ ಆಗಿರಬೇಕು. ನಿವೃತ್ತಿಯಾಗಿ ಇಪ್ಪತ್ತು ವರ್ಷ ಹೊಲ ಉತ್ತ ಮೇಲೆ ಪಾರ್ಶ್ವವಾಯು ಹೊಡೆದರೆ ಇದು ಬರುವುದಿಲ್ಲ. ಇದನ್ನು ಹೇಳುವಾಗ ಎದುರು ಕೂತ ಹೆಣ್ಣುಮಗಳ ಮುಖ ನೋಡಲು ನನಗೆ ಇಷ್ಟವಿಲ್ಲ, ಆದರೂ ಹೇಳಲೇಬೇಕು. ಅಂಥವರಿಗೆ 2003ರಲ್ಲಿ ಶುರುವಾದ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಕಾರ್ಡಿನ ಚಿಕಿತ್ಸೆಯುಂಟು, 80 ತುಂಬಿದರೆ ಮೂಲ ಪಿಂಚಣಿಯ ಮೇಲೆ 20% ಹೆಚ್ಚುವರಿಯುಂಟು. ಪಿಂಚಣಿಯೇ ಇಲ್ಲದ, 65 ದಾಟಿದ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ರಕ್ಷಣಾ ಇಲಾಖೆಯ ಸಹಾಯಧನವನ್ನು 2025ರ ನವೆಂಬರ್‌ನಿಂದ ತಿಂಗಳಿಗೆ 8,000ಕ್ಕೆ ಏರಿಸಿದ್ದಾರೆ. ಅದಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ.

ನನ್ನ ತಲೆ ಕೆಡಿಸುವುದು ಇದ್ಯಾವುದೂ ಅಲ್ಲ. ಹಕ್ಕಿದ್ದವರೇ ಬೋರ್ಡಿನ ಮುಂದೆ ಅದನ್ನು ಕೈಯಾರೆ ಕಳೆದುಕೊಳ್ಳುತ್ತಾರಲ್ಲ, ಅದು.

ನಾಯಕ್ ದರ್ಜೆಯ ಒಬ್ಬ ಸೈನಿಕ ಇದ್ದ. ಡ್ಯೂಟಿಯಲ್ಲಿದ್ದಾಗ ಗಾಡಿ ಉರುಳಿ ಕುತ್ತಿಗೆಯ ಮೂಳೆ ಮುರಿದಿತ್ತು. ಕಾಲಿಗೆ ಜೀವವಿಲ್ಲ, ಕೈಗೆ ಅರ್ಧ ಜೀವ. ಬೋರ್ಡಿನ ದಿನ ಹೆಂಡತಿ ನಸುಕಿನಲ್ಲೇ ಎದ್ದು ಅವನಿಗೆ ಜಳಕ ಮಾಡಿಸಿ, ಗಡ್ಡ ಹೆರೆದು, ಬ್ಲೇಜರ್ ತೊಡಿಸಿ, ಟೈ ಕಟ್ಟಿ, ಎದೆಗೆ ಪದಕಗಳನ್ನೂ ಸಿಕ್ಕಿಸಿ ಕರೆದುಕೊಂಡು ಹೋದಳು. ಹೇಗಿದ್ದೀ ಅಂತ ಡಾಕ್ಟರ್ ಸಾಹೇಬರು ಕೇಳಿದ್ದಕ್ಕೆ ಗಾಲಿ ಕುರ್ಚಿಯಲ್ಲೇ ಸೆಟೆದು ‘ಏಕ್‌ದಮ್ ಫಿಟ್, ಸಾಬ್’ ಅಂದ. ಊಟ? ‘ತಾವ ಉಣ್ತಾರ್ರೀ’ ಅಂದಳು ಇವಳು. ರಾತ್ರಿ ತೊಂದರೆ? ‘ನಾ ಅದೀನಲ್ರೀ, ಏನ್ ತ್ರಾಸಿಲ್ರಿ.’

ಕಾಗದದ ಮೇಲೆ ಏನು ಬಂದಿರಬಹುದು, ನೀವೇ ಊಹಿಸಿ. ಬರೆದವರದು ತಪ್ಪೆನ್ನಲಾರೆ. ಕೇಳಿದ್ದನ್ನು ಬರೆದರು.

ಆಮೇಲೆ ಒಂದು ದಿನ ಅವರ ಮನೆಯಲ್ಲಿ ಊಟಕ್ಕೆ ಕೂತೆ. ಅವಳು ಜೋಳದ ರೊಟ್ಟಿ ಚೂರು ಚೂರು ಮಾಡಿ ಪಲ್ಯದ ಗಸಿಯಲ್ಲಿ ನೆನೆಸಿದಳು. ಅವನ ಅಂಗೈಗೆ ಚಮಚ ಇಟ್ಟು ಹಳೇ ಸೀರೆಯ ಅಂಚಿನಿಂದ ಬಿಗಿದಳು. ಮೊಣಕೈ ಕೆಳಗೆ ದಿಂಬು ಕೊಟ್ಟಳು. ಅವನು ಮೆಲ್ಲಗೆ ಕೈ ಎತ್ತಿದ. ಮೂರು ತುತ್ತಿನಲ್ಲಿ ಒಂದು ಮಡಿಲಿಗೆ ಬಿತ್ತು. ಇದಕ್ಕೆ ಇವಳು ‘ತಾವ ಉಣ್ತಾರ’ ಅಂದಿದ್ದಳು! ಸುಳ್ಳು ಹೇಳಿರಲಿಲ್ಲ, ಪಾಪ. ಎಷ್ಟೋ ವರ್ಷ ಮಾಡಿ ಮಾಡಿ ತನ್ನ ಕೈ ಅವಳ ಲೆಕ್ಕಕ್ಕೇ ಇರಲಿಲ್ಲ.

ಬೋರ್ಡ್ ಅಳೆಯುವುದು ನಿಮ್ಮ ಸಂಸಾರ ಹೇಗೆ ನಡೆದಿದೆ ಎಂಬುದನ್ನಲ್ಲ. ನೀವು ಅರ್ಧ ದಿನ ತವರಿಗೆ ಹೋದರೆ ಅವನ ಗತಿ ಏನು, ಅದನ್ನು. ಬೆನ್ನಿಗೆ ಹುಣ್ಣಾಗಿಲ್ಲವೆಂದರೆ ನೀವು ರಾತ್ರಿ ಎದ್ದು ಮಗ್ಗುಲು ಬದಲಿಸುತ್ತಿದ್ದೀರಿ ಅಂತ ಅರ್ಥ. ಹುಣ್ಣಿಲ್ಲ ಅಂದಷ್ಟಕ್ಕೇ ಬಾಯಿ ಮುಚ್ಚಿದರೆ ಆ ಎದ್ದದ್ದು ಯಾರಿಗೂ ಕಾಣುವುದಿಲ್ಲ. ನೀವು ಚೆನ್ನಾಗಿ ನೋಡಿಕೊಂಡಷ್ಟೂ ಅವನು ಆರಾಮಾಗಿರುವಂತೆ ಕಾಣುತ್ತಾನೆ. ‘ಉಣ್ತಾರ’ ಅನ್ನಬೇಡಿ, ಉಣ್ಣುವ ಮೊದಲು ಯಾರು ಏನೇನು ಮಾಡುತ್ತಾರೆ ಹೇಳಿ. ಹಾಗಂತ ಇದ್ದದ್ದಕ್ಕಿಂತ ಹೆಚ್ಚು ನರಳಿಸಿ ತೋರಿಸಲೂ ಹೋಗಬೇಡಿ. ಮಿಲಿಟರಿ ಡಾಕ್ಟರು ನಾಟಕ ಬಹಳ ನೋಡಿರುತ್ತಾರೆ, ಒಂದು ಸುಳ್ಳು ಸಿಕ್ಕರೆ ನಿಜವನ್ನೂ ನಂಬುವುದಿಲ್ಲ.

ಆ ನಾಯಕನ ಹೆಂಡತಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಎದ್ದ ಹೊತ್ತು, ಮಾಡಿದ ಕೆಲಸ, ಇಷ್ಟೇ ಬರಿ ಅಂದೆ. ‘11 ಎಡಕ್ಕ. 1 ಬಲಕ್ಕ. 3 ಎಡಕ್ಕ, ಹಾಸಿಗಿ ಬದಲಿ. 5 ಬಲಕ್ಕ.’ ಪುಟಗಟ್ಟಲೆ ಹೀಗೇ. ಮರುಪರೀಕ್ಷೆಗೆ ಅರ್ಜಿ ಹಾಕಿ ಕಾದದ್ದು ಒಂದೂವರೆ ವರ್ಷ. ಆ ಬೋರ್ಡಿನಲ್ಲಿ ಒಬ್ಬ ಡಾಕ್ಟರಮ್ಮ ಆ ನೋಟ್‌ಬುಕ್ ತಿರುವಿ ಹಾಕಿ, ಪ್ರಶ್ನೆಗಳನ್ನೆಲ್ಲ ಹೆಂಡತಿಗೇ ಕೇಳಿದರಂತೆ. ಭತ್ಯೆ ಮಂಜೂರಾಯಿತು. ನೋಟ್‌ಬುಕ್ಕಿನಿಂದಲೇ ಆಯಿತೆಂದು ನಾನು ಹೇಳಲಾರೆ. ಒಂದೊಂದು ಪ್ರಕರಣ ಒಂದೊಂದು ಥರ, ಪಿಪಿಓ ಅಂದರೆ ಪಿಂಚಣಿ ಆದೇಶದ ಪತ್ರ ಮತ್ತು ಬೋರ್ಡಿನ ಕಾಗದ ನೋಡದೆ ನಾನು ಯಾರಿಗೂ ಮಾತು ಕೊಡುವುದಿಲ್ಲ. ನಾಯಕ್ ಮಾತ್ರ ನನ್ನ ಮೇಲೆ ಸಿಟ್ಟಾದ. ‘ನಾಕ್ ಮಂದಿ ಮುಂದ ನನ್ನ ಮಾನ ಕಳದ್ರಿ’ ಅಂತ ಆರು ತಿಂಗಳು ಮಾತು ಬಿಟ್ಟಿದ್ದ.

ಇನ್ನೊಂದು. ಈ ಭತ್ಯೆ ಸೈನಿಕನ ಜೊತೆಗೇ ನಿಲ್ಲುತ್ತದೆ, ಆಮೇಲೆ ಹೆಂಡತಿಗೆ ಬರುವುದು ಕುಟುಂಬ ಪಿಂಚಣಿ. ಸೈನ್ಯದ ರೆಕಾರ್ಡ್ಸ್ ಆಫೀಸಿನಲ್ಲಿ ನಿಮ್ಮ ಹೆಸರು ಶಾಂತಾಬಾಯಿ, ಆಧಾರಿನಲ್ಲಿ ಶಾಂತವ್ವ ಎಂದಿದ್ದರೆ ಅವನು ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ ಸರಿ ಮಾಡಿಸಿ. ಮುಂದೆ ಒಬ್ಬಳೇ ಅಲೆಯಬೇಕಾಗುತ್ತದೆ.

ನನ್ನ ಹತ್ತಿರ ಬರುವಾಗ ಮೂಲ ಪಿಪಿಓ ತನ್ನಿ, ಬೋರ್ಡಿನ ಹಳೇ ಕಾಗದವೆಲ್ಲ ತನ್ನಿ. ಲ್ಯಾಮಿನೇಷನ್ ಮಾಡಿಸಬೇಡಿ ಅಂತ ಎಷ್ಟು ಸಲ ಹೇಳಲಿ, ಹಿಂದಿನ ಪುಟದಲ್ಲಿ ಬರೆಯುವುದಿರುತ್ತದೆ.