ಮೂರು ಕಲ್ಲಿನ ಒಲೆ ಮತ್ತು ಅಲುಗದ ಸ್ಕೋಪು

ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗೆ ಪೂಜೆ. ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತಾರೆ. ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುಂಡು.

ಕಳೆದ ವರ್ಷ ಹಬ್ಬ ಮುಗಿದ ಮೇಲೆ ಪಕ್ಕದ ತೋಟದವರು ತಮ್ಮ ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿದ ರೈಫಲ್ ತಂದು ತೋರಿಸಿದರು. 100 ಮೀಟರ್ ದೂರದಲ್ಲಿ ಗುಂಡು ಅರ್ಧ ಗೇಣು ಎಡಕ್ಕೆ ಬೀಳುತ್ತಿತ್ತು. ‘ಯಾರದ್ದೋ ದೃಷ್ಟಿ ತಾಗಿದೆ’ ಅಂದರು ಅವರ ಮನೆಯ ಹಿರಿಯರು. ಪೂಜೆ ನನಗೂ ಇಷ್ಟ. ಆದರೆ ದೃಷ್ಟಿಯ ಮಾತು ಬಂದರೆ ಸುಮ್ನೆ ಇರೋಕೆ ಆಗಲ್ಲ.

ಲೆಕ್ಕ ನೋಡಿ. ಸ್ಕೋಪ್ ಹಿಡಿಯುವ ಎರಡು ರಿಂಗ್‌ಗಳ ನಡುವೆ 100 ಮಿ.ಮೀ. ಅಂತರ ಇದೆ ಅನ್ನೋಣ. ಹಿಂದಿನದು 0.1 ಮಿ.ಮೀ. ಎಡಕ್ಕೆ ಜರುಗಿದರೆ ಸಾವಿರಕ್ಕೆ ಒಂದು ಪಾಲು ಓರೆ. 100 ಮೀಟರಿಗೆ ಅದೇ 10 ಸೆಂ.ಮೀ. ಒಂದೆರಡು ಕೂದಲೆಳೆಯಷ್ಟು ಜರುಗಿದರೆ ಅರ್ಧ ಗೇಣು!

‘ಬೋಲ್ಟ್ ಇನ್ನೂ ಬಿಗಿ ಮಾಡಿದ್ರೆ ಆಯ್ತು’ ಅನ್ನುವವರೇ ಜಾಸ್ತಿ. ತಪ್ಪು. ಅತಿಯಾಗಿ ಬಿಗಿದರೆ ಸ್ಕೋಪಿನ ಕೊಳವೆಯೇ ನಜ್ಜಾಗುತ್ತದೆ. ಕೇಳಬೇಕಾದ್ದು ಬೇರೆ: ಸ್ಕೋಪನ್ನು ಹೊತ್ತ ಮೌಂಟ್, ಕೋವಿಯ ಬೆನ್ನ ಮೇಲಿನ ಲೋಹದ ಪಟ್ಟಿ ಅಂದರೆ ರೈಲಿನ ಮೇಲೆ ಎಲ್ಲೆಲ್ಲಿ ತಾಗಿ ಕೂತಿದೆ?

ನಾಲ್ಕು ಕಾಲಿನ ಬೆಂಚನ್ನು ಕಾಫಿ ಕಣದಲ್ಲಿ ಇಟ್ಟು ನೋಡಿ, ಒಂದು ಕಾಲು ಗಾಳಿಯಲ್ಲಿ. ಮೂರು ಕಲ್ಲಿನ ಒಲೆಯ ಮೇಲಿಟ್ಟ ಪಾತ್ರೆ ಎಂಥಾ ನೆಲದಲ್ಲೂ ಅಲುಗಲ್ಲ. ಯಾವ ವಸ್ತುವಿಗೂ ಚಲಿಸಲು ಆರು ದಾರಿ: ಮೂರು ಕಡೆ ಜರುಗಬಹುದು, ಮೂರು ಬಗೆಯಲ್ಲಿ ತಿರುಗಬಹುದು. ಆರನ್ನೂ ಒಂದೊಂದೇ ಸಲ ಮುಚ್ಚಬೇಕು. 19ನೇ ಶತಮಾನದಲ್ಲಿ ಬ್ರಿಟಿಷ್ ವಿಜ್ಞಾನಿ ಲಾರ್ಡ್ ಕೆಲ್ವಿನ್ ಇದನ್ನು ಮೂರು ಗೋಲಿಗಳಲ್ಲಿ ತೋರಿಸಿದ. ಒಂದು ಗೋಲಿ ಮೂರು ಮುಖದ ಕುಳಿಯಲ್ಲಿ, ಒಂದು ವಿ ಆಕಾರದ ಗೀರಿನಲ್ಲಿ, ಒಂದು ಸಮತಟ್ಟಿನ ಮೇಲೆ. ತಾಗುವ ಜಾಗ ಮೂರು, ಎರಡು, ಒಂದು. ಒಟ್ಟು ಆರು. ಎತ್ತಿ ಮತ್ತೆ ಇಟ್ಟರೂ ಅದೇ ಜಾಗಕ್ಕೆ ಬಂದು ಕೂರುತ್ತದೆ. ಎಷ್ಟು ಚೆಂದ, ಅಲ್ವಾ?

ರೈಫಲಿನ ರೈಲು ಅಷ್ಟು ಶುದ್ಧವಲ್ಲ, ಆದರೆ ದಾರಿ ಅದೇ. ಈಗ ಎಲ್ಲೆಡೆ ಕಾಣುವ ಪಿಕಾಟಿನ್ನಿ ರೈಲನ್ನು ಅಮೆರಿಕದ ಸೇನೆ 1995ರಲ್ಲಿ ಮಾನಕ ಮಾಡಿತು. ಓರೆ ಅಂಚು ಪಕ್ಕದ ಓಟ ತಡೆಯುತ್ತದೆ. ಸುಮಾರು 10 ಮಿ.ಮೀ.ಗೊಂದು ಅಡ್ಡ ಕಚ್ಚು, ಅದರ ಅಗಲ 5.2 ಮಿ.ಮೀ. ಈ ಕಚ್ಚೇ ಮುಂದಿನ ಓಟ ತಡೆಯುವ ಗೋಡೆ.

ಯಾಕೆ ಮುಂದಿನದು? ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ಸ್ಕೋಪು ಇದ್ದಲ್ಲೇ ಇರಲು ನೋಡುತ್ತದೆ. ಜೀಪಿನಲ್ಲಿ ಕಾಫಿ ಮೂಟೆ ಹೇರಿ ಸಡನ್ ಬ್ರೇಕ್ ಹಾಕಿದ ಹಾಗೆ. ಹಗ್ಗ ಎಷ್ಟೇ ಬಿಗಿಯಿರಲಿ, ಮೂಟೆಯ ಮುಂದೆ ಜಾಗ ಇದ್ದರೆ ಅಲ್ಲಿಗೆ ಜಾರುತ್ತದೆ. ಅದಕ್ಕೇ ಮೊದಲು ಮುಂದಿನ ಹಲಗೆಗೆ ಒತ್ತಿ ಆಮೇಲೆ ಕಟ್ಟುತ್ತೇವೆ. ಮೌಂಟನ್ನೂ ಕಚ್ಚಿನ ಮುಂದಿನ ಗೋಡೆಗೆ ಒತ್ತಿ ಹಿಡಿದು ಬೋಲ್ಟ್ ತಿರುಗಿಸಬೇಕು.

ಬಿಸಿಲೂ ಸುಮ್ಮನಿರಲ್ಲ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಉಕ್ಕಿನ ರೈಲಿನ ಮೇಲೆ 150 ಮಿ.ಮೀ. ಅಲ್ಯೂಮಿನಿಯಂ ಮೌಂಟ್ ಇದ್ದು 20 ಡಿಗ್ರಿ ಸೆಕೆ ಏರಿದರೆ 0.03 ಮಿ.ಮೀ. ವ್ಯತ್ಯಾಸ. ಒಂದು ತುದಿ ಗಟ್ಟಿಯಾಗಿ ಹಿಡಿದು ಇನ್ನೊಂದಕ್ಕೆ ಉದ್ದಕ್ಕೆ ಹಿಗ್ಗಲು ಬಿಟ್ಟರೆ ರೈಲು ಬಾಗದು.

ಪಕ್ಕದ ತೋಟದವರ ಮೌಂಟ್ ಬಿಚ್ಚಿದಾಗ ಕಚ್ಚಿನಲ್ಲಿ ಗ್ರೀಸು ಮೆತ್ತಿತ್ತು, ಮುಂದೆ ಒಂದಿಷ್ಟು ಸಂದು. ಒರೆಸಿ, ಮುಂದಕ್ಕೆ ಒತ್ತಿ, ಬಿಗಿದೆವು. ರೈಲಿಂದ ಮೌಂಟಿನವರೆಗೆ ಅವರ ಮಗಳ ಕೆಂಪು ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆದೆವು. ಜರುಗಿದರೆ ಗೆರೆ ಒಡೆಯುತ್ತದೆ. ಈ ಮಳೆಗಾಲ ಹೋಗಿ ನೋಡಿದೆ, ಗೆರೆ ಇನ್ನೂ ನೇರ ಇದೆ.